ಕ್ಯಾಮೆರಾ ಹಿಡಿದು ಕೆರೆ ಏರಿಯ ಮೇಲೆ

ಮಳೆಗಾಲ ಮುಗಿದು ಚಳಿ ಕಾಲಿಡುತ್ತಿದ್ದಂತೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತವೆ. ಹಿಮಾಲಯದ ಆಚೆ ಟಿಬೆಟ್, ಮಂಗೋಲಿಯಾ ಕಡೆ ಮರಿ ಮಾಡಿ, ಪರ್ವತಗಳನ್ನು ಹಾರಿ ದಾಟಿ ಬರುವ ಹಕ್ಕಿಗಳಿವು. ಕೆರೆಯಲ್ಲಿ ತಂಗುತ್ತವೆ, ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ, ಬೇಸಿಗೆ ಬಲಿಯುವ ಮುನ್ನ ಹೊರಟುಹೋಗುತ್ತವೆ. 2024ರಲ್ಲಿ ಈ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಹೆಬ್ಬಾತುಗಳ ಹಿಂದೆಯೇ ಉದ್ದನೆಯ ಲೆನ್ಸ್ ಹೆಗಲಿಗೇರಿಸಿದ ಹವ್ಯಾಸಿಗಳೂ ಏರಿಯ ಮೇಲೆ ಕಾಣಿಸಿಕೊಳ್ಳುತ್ತಾರೆ. ಮೈಸೂರಿನ ಕುಕ್ಕರಹಳ್ಳಿ, ಹುಬ್ಬಳ್ಳಿಯ ಉಣಕಲ್, ದಾವಣಗೆರೆಯ ಕುಂದವಾಡ, ಬೆಂಗಳೂರಿನ ಜಕ್ಕೂರು, ಯಾವ ಕೆರೆಗೆ ಹೋದರೂ ರಜಾದಿನದ ಬೆಳಗಿನಲ್ಲಿ ಕ್ಯಾಮೆರಾ ಹಿಡಿದವರು ಒಬ್ಬಿಬ್ಬರಾದರೂ ಸಿಗುತ್ತಾರೆ. ಬ್ಯಾಂಕ್ ನೌಕರರು, ಶಾಲೆಯ ಮೇಷ್ಟ್ರುಗಳು, ನಿವೃತ್ತರು, ಕಾಲೇಜು ವಿದ್ಯಾರ್ಥಿನಿಯರು, ಎಲ್ಲರೂ ಇದ್ದಾರೆ ಆ ಗುಂಪಿನಲ್ಲಿ.

ಹೊಸದಾಗಿ ಈ ಹವ್ಯಾಸಕ್ಕೆ ಇಳಿಯುವವರು ಕೇಳುವ ಪ್ರಶ್ನೆಗಳು ಎರಡು. ಯಾವ ಕ್ಯಾಮೆರಾ ಕೊಳ್ಳಲಿ? ಎಲ್ಲಿಗೆ ಹೋಗಲಿ? ಎರಡನೆಯದಕ್ಕೆ ಕಬಿನಿ, ನಾಗರಹೊಳೆ, ಬಂಡೀಪುರ ಎಂಬ ಉತ್ತರ ಯಾರಾದರೂ ಕೊಡುತ್ತಾರೆ. ನನ್ನ ಉತ್ತರ ಬೇರೆ: ಮನೆಯಿಂದ ನಡೆದೋ ಸೈಕಲ್ ತುಳಿದೋ ತಲುಪುವಷ್ಟು ಹತ್ತಿರದ ಒಂದು ಕೆರೆಗೆ ಹೋಗಿ, ವರ್ಷವಿಡೀ ಅಲ್ಲಿಗೇ ಹೋಗಿ. ಸಫಾರಿ ಜೀಪು ನಿಂತಲ್ಲಿ ನಾವೂ ನಿಲ್ಲಬೇಕು, ಹೊರಟಾಗ ಹೊರಡಬೇಕು. ಹುಲಿ ಕಂಡರೂ ಬೆಳಕು ಎಲ್ಲಿಂದ ಬೀಳಬೇಕೆಂದು ಆರಿಸುವ ಸ್ವಾತಂತ್ರ್ಯ ನಮಗಿಲ್ಲ. ಊರಿನ ಕೆರೆಯಲ್ಲಿ ಆ ಸ್ವಾತಂತ್ರ್ಯ ಪೂರ್ತಿ ನಮ್ಮದು. ಇಂದು ಪೂರ್ವದ ದಂಡೆ, ನಾಳೆ ಕೋಡಿ, ಮುಂದಿನ ವಾರ ಹಿನ್ನೀರಿನ ಜೊಂಡು. ಅದೇ ಮಿಂಚುಳ್ಳಿ ಅದೇ ಕೊಂಬೆಗೆ ಎಷ್ಟು ಹೊತ್ತಿಗೆ ಬಂದು ಕೂರುತ್ತದೆಂದು ತಿಳಿದಿರುವವರಿಗೆ ಸಿಗುವ ಚಿತ್ರ, ದೂರದೂರಿಂದ ಕಾರಿನಲ್ಲಿ ಬಂದವರಿಗೆ ಸಿಗುವುದಿಲ್ಲ.

ಡಿಜಿಟಲ್ ಕ್ಯಾಮೆರಾ ಈ ಪದೇ ಪದೇ ಹೋಗುವ ಕೆಲಸಕ್ಕೆ ಹೇಳಿ ಮಾಡಿಸಿದ ಸಾಧನ. ಅದು ಹೇಗೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿಸಿಡಿ ಎಂಬ ಚಿಪ್ ರೂಪಿಸಿದರು. ಮೇಲೆ ಬಿದ್ದ ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸಿಕೊಡುವ ಚಿಪ್ ಅದು. ಅದಕ್ಕಾಗಿ 2009ರಲ್ಲಿ ಅವರಿಗೆ ನೊಬೆಲ್ ಬಂತು. ಕೊಡಾಕ್ ಕಂಪನಿಯ ಯುವ ಎಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲಿ ಅಂಥದೊಂದು ಚಿಪ್ ಬಳಸಿ ಮೊದಲ ಡಿಜಿಟಲ್ ಕ್ಯಾಮೆರಾ ಜೋಡಿಸಿದರು. ತೂಕ ಮೂರೂವರೆ ಕೆ.ಜಿ.ಗೂ ಹೆಚ್ಚು. ಚಿತ್ರದಲ್ಲಿದ್ದದ್ದು ಉದ್ದಕ್ಕೆ 100, ಅಡ್ಡಕ್ಕೆ 100 ಚುಕ್ಕಿ. ಒಂದು ಕಪ್ಪು-ಬಿಳುಪು ಚಿತ್ರ ಕ್ಯಾಸೆಟ್ ಟೇಪಿಗೆ ಇಳಿಯಲು 23 ಸೆಕೆಂಡು ಬೇಕಿತ್ತು. ಬಣ್ಣ ಕೊಡುವ ಉಪಾಯ ಅದೇ ಕಂಪನಿಯ ಬ್ರೈಸ್ ಬೇಯರ್ ಅವರದು, 1976ರ ಪೇಟೆಂಟ್. ಪ್ರತಿ ನಾಲ್ಕು ಚುಕ್ಕಿಗಳಲ್ಲಿ ಎರಡರ ಮೇಲೆ ಹಸಿರು, ಒಂದರ ಮೇಲೆ ಕೆಂಪು, ಒಂದರ ಮೇಲೆ ನೀಲಿ ಶೋಧಕ ಕೂರಿಸಿದರು. ಮನುಷ್ಯನ ಕಣ್ಣು ಹಸಿರಿಗೆ ಹೆಚ್ಚು ಸೂಕ್ಷ್ಮ ಎಂಬ ಕಾರಣಕ್ಕೆ ಹಸಿರಿಗೆ ಎರಡು ಪಾಲು. ಇಂದು ನಮ್ಮ ಕೈಯಲ್ಲಿರುವ ಕ್ಯಾಮೆರಾಗಳಲ್ಲಿ ಬಹುಪಾಲು ಇದೇ ಜೋಡಣೆಯಲ್ಲಿ ಬಣ್ಣ ನೋಡುತ್ತವೆ.

ಕನ್ನಡ ನಾಡಿನಲ್ಲಿ ಹೊರಾಂಗಣ ಛಾಯಾಗ್ರಹಣದ ಪರಂಪರೆ ಫಿಲ್ಮ್ ಕಾಲದಲ್ಲೇ ಗಟ್ಟಿಯಾಗಿ ಬೇರೂರಿತ್ತು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ವನ್ಯಜೀವಿ ಚಿತ್ರಗಳಿಂದ ದೇಶದಾಚೆಗೂ ಹೆಸರಾದರು. ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಚಿತ್ರ ತೆಗೆದರು, ಅವುಗಳ ಬಗ್ಗೆ ಬರೆದರು, ಎಷ್ಟೋ ಓದುಗರ ಕೈಗೆ ಕ್ಯಾಮೆರಾ ಬರುವಂತೆ ಮಾಡಿದರು. ಸಂಡೂರಿನ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಸಚಿವರಾಗಿದ್ದವರು. ಕಾಡಿನ ಕಪ್ಪು-ಬಿಳುಪು ಚಿತ್ರಗಳಿಗೂ ಅಷ್ಟೇ ಹೆಸರಾದವರು. ಇವರ ಕಾಲದಲ್ಲಿ ಒಂದು ರೋಲಿಗೆ 36 ಚಿತ್ರ. ತೊಳೆಸಿ ನೋಡುವವರೆಗೆ ಏನು ಬಂದಿದೆಯೆಂದು ಗೊತ್ತಿಲ್ಲ. ಶ್ರದ್ಧೆಯುಳ್ಳ ಹವ್ಯಾಸಿಗಳು ಪ್ರತಿ ಚಿತ್ರದ ಶಟರ್ ವೇಗ, ಅಪರ್ಚರ್, ಹೊತ್ತು, ಬೆಳಕು ಎಲ್ಲವನ್ನೂ ಪುಟ್ಟ ಪುಸ್ತಕದಲ್ಲಿ ಬರೆದಿಟ್ಟುಕೊಂಡು, ವಾರಗಳ ನಂತರ ಚಿತ್ರದ ಪಕ್ಕ ಇಟ್ಟು ತಾಳೆ ನೋಡುತ್ತಿದ್ದರು.

ಈಗ ಆ ಪುಸ್ತಕವನ್ನು ಕ್ಯಾಮೆರಾವೇ ಬರೆಯುತ್ತದೆ. ಪ್ರತಿ ಫೈಲಿನೊಳಗೆ ಶಟರ್ ವೇಗ, ಅಪರ್ಚರ್, ಐಎಸ್‌ಒ, ಲೆನ್ಸಿನ ಫೋಕಲ್ ಲೆಂತ್, ದಿನಾಂಕ, ಗಂಟೆ ನಿಮಿಷ ಎಲ್ಲ ದಾಖಲಾಗಿರುತ್ತವೆ. ಸಾವಿರಾರು ಚಿತ್ರ ತೆಗೆಯಬಹುದು ಎಂಬುದನ್ನೇ ಡಿಜಿಟಲ್‌ನ ಲಾಭವೆಂದು ಹಲವರು ಎಣಿಸುತ್ತಾರೆ. ನನ್ನ ಮಟ್ಟಿಗೆ ಅದರ ದೊಡ್ಡ ಉಪಕಾರ, ನಿಂತ ಜಾಗದಲ್ಲೇ ಚಿತ್ರ ನೋಡಿ ತಿದ್ದಿಕೊಳ್ಳಲು ಬಿಡುವುದು ಮತ್ತು ಹೀಗೆ ಲೆಕ್ಕ ಇಟ್ಟುಕೊಡುವುದು. ಹಕ್ಕಿ ಕದಲಿ ಮಸುಕಾಗಿದೆಯೇ? ಶಟರ್ ಎಷ್ಟಿತ್ತೆಂದು ನೋಡಿ. ಹಿನ್ನೆಲೆ ಗಿಜಿಗಿಜಿ ಎನ್ನುತ್ತಿದೆಯೇ? ಅಪರ್ಚರ್ ನೋಡಿ. ನಾಳೆ ಬೆಳಿಗ್ಗೆ ಅದೇ ಜಾಗದಲ್ಲಿ ಅದೇ ಬೆಳಕಿಗೆ ಬೇರೆ ಅಂಕಿ ಇಟ್ಟು ನೋಡಿ. ಹೀಗೆ ನೋಡಿ ತಿದ್ದುವವರು ಆರು ತಿಂಗಳಲ್ಲಿ ಕಲಿಯುವುದನ್ನು, ಮೆಮೊರಿ ಕಾರ್ಡ್ ತುಂಬಿಸುವುದನ್ನಷ್ಟೇ ಮಾಡುವವರು ಹತ್ತು ವರ್ಷವಾದರೂ ಕಲಿಯಲಾರರು.

ಕಲಿಯಬೇಕಾದ್ದರಲ್ಲಿ ಮೊದಲನೆಯದು ಬೆಳಕು. ಸೂರ್ಯೋದಯದ ನಂತರದ ಮತ್ತು ಸೂರ್ಯಾಸ್ತಕ್ಕೆ ಮುಂಚಿನ ಹೊಂಬೆಳಕಿನ ಬಗ್ಗೆ ಎಲ್ಲ ಪುಸ್ತಕಗಳೂ ಹೇಳುತ್ತವೆ. ಅವುಗಳಲ್ಲಿ ಬಹಳಷ್ಟು ಯುರೋಪು, ಅಮೆರಿಕದಲ್ಲಿ ಬರೆದವು. ನಮ್ಮ ಆಕಾಶದ ಕಥೆ ಬೇರೆ. ಲಂಡನ್ನಿನಲ್ಲಿ ಡಿಸೆಂಬರ್ ಕೊನೆಯ ನಡುಮಧ್ಯಾಹ್ನಕ್ಕೂ ಸೂರ್ಯ ದಿಗಂತದಿಂದ ಸುಮಾರು 15 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಕರ್ನಾಟಕದಲ್ಲಿ ಸೂರ್ಯ ಹುಟ್ಟಿದ ಮೇಲೆ ಹೆಚ್ಚುಕಡಿಮೆ ನೆಟ್ಟಗೆ ಮೇಲೇರುವುದರಿಂದ ಒಂದು ತಾಸು ಕಳೆದು ಸ್ವಲ್ಪ ಹೊತ್ತಿಗೆಲ್ಲ ಆ ಎತ್ತರ ಮುಟ್ಟಿಬಿಡುತ್ತಾನೆ. ಏಪ್ರಿಲ್ ಕೊನೆಯ ವಾರ ಬೆಂಗಳೂರಿನಲ್ಲಿ ನಡುನೆತ್ತಿಯ ಮೇಲೇ ನಿಲ್ಲುತ್ತಾನೆ. ನೆಟ್ಟಗೆ ನಿಂತ ಕಂಬದ ನೆರಳು ಅದರ ಬುಡದಲ್ಲೇ ಅಡಗುತ್ತದೆ, ಜನರ ಕಣ್ಣುಗುಳಿಗಳಲ್ಲಿ ಕತ್ತಲು ತುಂಬುತ್ತದೆ. ಆದ್ದರಿಂದ ನಮ್ಮಲ್ಲಿ ಮೃದು ಬೆಳಕಿನ ಅವಧಿ ಚಿಕ್ಕದು, ಕೈ ಜಾರುವುದೂ ಬೇಗ. ಆರೂವರೆಗೆ ಸೂರ್ಯ ಹುಟ್ಟುವುದಾದರೆ ಆರಕ್ಕೇ ಏರಿಯ ಮೇಲಿರಬೇಕು. ಎಂಟೂವರೆಯ ನಂತರ ಬಂದವರಿಗೆ ಹಕ್ಕಿ ಸಿಗಬಹುದು, ಬೆಳಕು ಸಿಗುವುದಿಲ್ಲ.

ಬಯಲುಸೀಮೆಯವರಿಗೆ ಇನ್ನೊಂದು ತೊಂದರೆಯಿದೆ, ಅದರ ಬಗ್ಗೆ ಯಾರೂ ಮೊದಲೇ ಎಚ್ಚರಿಸುವುದಿಲ್ಲ. ಬಿಸಿಲು ಏರಿದಂತೆ ನೆಲ ಕಾಯುತ್ತದೆ, ನೆಲಕ್ಕೆ ತಾಗಿದ ಗಾಳಿ ಕಾದು ಮೇಲೇಳುತ್ತದೆ. ಬಿಸಿ ಗಾಳಿ ಮತ್ತು ತಣ್ಣನೆ ಗಾಳಿ ಬೆಳಕನ್ನು ಬೇರೆ ಬೇರೆಯಾಗಿ ಬಾಗಿಸುವುದರಿಂದ ದೂರದ ದೃಶ್ಯ ನಡುಗುತ್ತದೆ. ಹತ್ತು ಗಂಟೆಯ ನಂತರ ಉಳುಮೆ ಮಾಡಿದ ಹೊಲದ ಆಚೆಗಿನ ಹಕ್ಕಿಯನ್ನು ಎಷ್ಟು ಲಕ್ಷದ ಲೆನ್ಸಿನಲ್ಲಿ ಹಿಡಿದರೂ ಗರಿಗಳ ಗೆರೆ ಕರಗಿಹೋಗಿರುತ್ತದೆ. ಲೆನ್ಸೇ ಸರಿಯಿಲ್ಲವೆಂದು ಅಂಗಡಿಗೆ ಓಡುವ ಮೊದಲು ಅದೇ ಹಕ್ಕಿಯನ್ನು ಬೆಳಿಗ್ಗೆ ಏಳಕ್ಕೆ, ಹತ್ತಿರದಿಂದ ತೆಗೆದು ನೋಡಬೇಕು.

ಬೆಳಕಿನ ನಂತರ ಕ್ಯಾಮೆರಾದ ಮನಸ್ಸು ಅರಿಯಬೇಕು. ಬೆಳ್ಳಕ್ಕಿಯ ಚಿತ್ರ ತೆಗೆದವರೆಲ್ಲ ಒಮ್ಮೆಯಾದರೂ ನಿರಾಶರಾಗಿದ್ದಾರೆ: ನೀರು ಕಪ್ಪಾಗಿಲ್ಲ, ಬೂದಿಯಾಗಿದೆ, ಹಕ್ಕಿಯ ಮೈ ಸುಣ್ಣ ಬಳಿದ ಗೋಡೆಯಾಗಿದೆ, ಒಂದು ಗರಿಯೂ ಕಾಣದು. ಇದಕ್ಕೆ ಕಾರಣ ಸರಳ. ಬೆಳಕು ಅಳೆಯುವ ಮೀಟರ್‌ಗೆ ಎದುರಿರುವುದು ಬೆಳ್ಳಕ್ಕಿಯೋ ಎಮ್ಮೆಯೋ ಎಂಬುದು ತಿಳಿಯದು. ನೋಡಿದ್ದನ್ನೆಲ್ಲ ಸರಾಸರಿ ನಡು-ಬೂದು ಬಣ್ಣಕ್ಕೆ ತರುವುದಷ್ಟೇ ಅದರ ಕೆಲಸ. ಕಡುನೀರಿನ ನಡುವೆ ಚಿಕ್ಕ ಬಿಳಿ ಹಕ್ಕಿ ಇದ್ದರೆ ಕತ್ತಲೆಯೇ ಹೆಚ್ಚೆಂದು ಲೆಕ್ಕ ಹಾಕಿ ಬೆಳಕು ಜಾಸ್ತಿ ಬಿಟ್ಟುಕೊಳ್ಳುತ್ತದೆ, ಬಿಳಿ ಸುಟ್ಟುಹೋಗುತ್ತದೆ. ಆಗ ಎಕ್ಸ್‌ಪೋಶರ್ ಕಾಂಪೆನ್ಸೇಷನ್ ಎಂಬ ಗುಂಡಿಯನ್ನು ಮೈನಸ್ ಕಡೆ ಒಂದು ಹಂತ ತಿರುಗಿಸಬೇಕು. ಚಿಕ್ಕಮಗಳೂರಿನ ಗುಡ್ಡಗಳ ಮಂಜಿನಲ್ಲಿ ಇದರ ತಿರುಗುಮುರುಗು. ಎಲ್ಲೆಲ್ಲೂ ಬಿಳಿ ಕಂಡ ಮೀಟರ್ ಬೆಳಕು ಕಡಿಮೆ ಮಾಡಿ ಮಂಜನ್ನು ಕೊಳೆ ಬಣ್ಣಕ್ಕೆ ಇಳಿಸುತ್ತದೆ, ಅಲ್ಲಿ ಪ್ಲಸ್ ಕಡೆ ತಿರುಗಿಸಬೇಕು. ಬಿಳಿ ಆಕಾಶದೆದುರು ತಂತಿಯ ಮೇಲೆ ಕೂತ ಕಾಜಾಣಕ್ಕೂ ಪ್ಲಸ್ಸೇ. ಈ ಒಂದು ಗುಂಡಿಯ ಬಳಕೆ ಕೈಗೆ ಬಂದ ದಿನ ಹವ್ಯಾಸಿ ಅರ್ಧ ದಾರಿ ಸವೆಸಿದ ಹಾಗೆ.

ಉಳಿದದ್ದು ಮೂರು ಅಂಕಿಗಳ ಕೊಡುಕೊಳ್ಳುವಿಕೆ. ಶಟರ್ ಎಷ್ಟು ಹೊತ್ತು ತೆರೆದಿರಬೇಕು, ಲೆನ್ಸಿನ ಕಿಂಡಿ (ಅಪರ್ಚರ್) ಎಷ್ಟು ಅಗಲವಿರಬೇಕು, ಸೆನ್ಸರ್‌ನ ಸಂಕೇತವನ್ನು ಎಷ್ಟು ಹೆಚ್ಚಿಸಬೇಕು (ಐಎಸ್‌ಒ). ಫಿಲ್ಮ್ ಕಾಲದಿಂದ ಬಂದ ಒಂದು ಲೆಕ್ಕ ಇಂದಿಗೂ ಕೈಹಿಡಿಯುತ್ತದೆ. ನಿರ್ಮಲ ಆಕಾಶದ ಪೂರ್ಣ ಬಿಸಿಲಿನಲ್ಲಿ ಅಪರ್ಚರ್ ಎಫ್ 16, ಐಎಸ್‌ಒ 100 ಇದ್ದರೆ ಶಟರ್ ಸೆಕೆಂಡಿನ 100ನೇ ಒಂದು ಭಾಗ. ಕಿಂಡಿಯನ್ನು ಎಫ್ 5.6ಕ್ಕೆ ಅಗಲಿಸಿದರೆ ಮೂರು ಹಂತ ಬೆಳಕು ಹೆಚ್ಚಿತು, ಶಟರ್ 800ನೇ ಒಂದಕ್ಕೆ ಏರಿತು. ಐಎಸ್‌ಒ 400 ಮಾಡಿದರೆ 3,200ನೇ ಒಂದು ಭಾಗ. ಹಾರುವ ಹಕ್ಕಿಯ ರೆಕ್ಕೆ ನಿಲ್ಲಿಸಲು ಇಷ್ಟು ಸಾಕು. ಸಾಮಾನ್ಯವಾಗಿ 1,600 ಅಥವಾ 2,000ನೇ ಒಂದು ಭಾಗದಲ್ಲೇ ಕೊಕ್ಕರೆ, ಹೆಜ್ಜಾರ್ಲೆಗಳ ಹಾರಾಟ ಚೊಕ್ಕಟವಾಗಿ ಸಿಗುತ್ತದೆ. ನೀರಿಗೆ ಧುಮುಕುವ ಮಿಂಚುಳ್ಳಿಗೆ ಇನ್ನೂ ವೇಗ ಬೇಕು. ಮುಂಜಾವಿನ ಮಬ್ಬಿನಲ್ಲಿ ಇದೇ ವೇಗ ಬೇಕೆಂದರೆ ಐಎಸ್‌ಒ ಏರಿಸಲೇಬೇಕು, ಆಗ ಚಿತ್ರದಲ್ಲಿ ಮರಳು ಮರಳಾದ ಕಣಗಳು ಕಾಣಿಸುತ್ತವೆ. ಕಾಣಿಸಲಿ ಬಿಡಿ. ಕಣ ಕಂಡರೂ ಹಕ್ಕಿ ಸ್ಪಷ್ಟವಾಗಿರುವ ಚಿತ್ರ ಉಳಿಯುತ್ತದೆ, ಮಸುಕಾದ ಚಿತ್ರವನ್ನು ಯಾವ ತಂತ್ರಾಂಶವೂ ಪೂರ್ತಿ ಸರಿಪಡಿಸದು.

ರಂಗನತಿಟ್ಟಿನಲ್ಲಿ ಈ ಪಾಠಗಳೆಲ್ಲ ಒಂದೇ ಬೆಳಿಗ್ಗೆ ಪರೀಕ್ಷೆಗೆ ಬರುತ್ತವೆ. ಪಕ್ಷಿತಜ್ಞ ಸಲೀಂ ಅಲಿ ಅವರ ಸಲಹೆಯ ಮೇರೆಗೆ ಮೈಸೂರು ಸಂಸ್ಥಾನ 1940ರಲ್ಲಿ ಪಕ್ಷಿಧಾಮವೆಂದು ಘೋಷಿಸಿದ ಕಾವೇರಿಯ ನಡುಗಡ್ಡೆಗಳಿವು; 2022ರಲ್ಲಿ ರಾಜ್ಯದ ಮೊದಲ ರಾಮ್ಸರ್ ತಾಣವೂ ಆಯಿತು. ಅಲ್ಲಿ ಚಿತ್ರ ತೆಗೆಯುವುದು ದೋಣಿಯಿಂದ. ದೋಣಿ ಅಲುಗುತ್ತದೆ, ಟ್ರೈಪಾಡ್ ಇಟ್ಟರೆ ಆ ಅಲುಗಾಟ ನೇರ ಕ್ಯಾಮೆರಾಕ್ಕೆ ಬರುತ್ತದೆ. ಕೈಯಲ್ಲೇ ಹಿಡಿದು, ಮೊಣಕೈಯನ್ನು ಮೈಗೆ ಒತ್ತಿ, ಶಟರ್ ವೇಗ ಹೆಚ್ಚಿಸಿಕೊಳ್ಳುವುದೇ ದಾರಿ. ದೋಣಿಯ ಇನ್ನೊಂದು ಲಾಭ, ನಾವು ನೀರಿನ ಮಟ್ಟಕ್ಕೆ ಹತ್ತಿರ ಕೂತಿರುತ್ತೇವೆ. ಬಂಡೆಯ ಮೇಲಿನ ಮೊಸಳೆ ನಮ್ಮ ಕಣ್ಣಿಗೆ ಕಣ್ಣು ಕೊಟ್ಟ ಹಾಗೆ ಕಾಣುತ್ತದೆ. ಊರಿನ ಕೆರೆಯಲ್ಲೂ ನಿಂತು ಕೆಳಗೆ ನೋಡುತ್ತ ತೆಗೆದ ಚಿತ್ರಕ್ಕೂ, ದಂಡೆಯಲ್ಲಿ ಹೊಟ್ಟೆ ಮೇಲೆ ಮಲಗಿ ಟಿಟ್ಟಿಭದ ಕಣ್ಣಿನ ಎತ್ತರದಿಂದ ತೆಗೆದ ಚಿತ್ರಕ್ಕೂ ಅಜಗಜಾಂತರ. ಬಟ್ಟೆ ಕೊಳೆಯಾಗುತ್ತದೆ, ಆಗಲಿ.

ಇನ್ನು ಯಾವ ಕ್ಯಾಮೆರಾ ಎಂಬ ಪ್ರಶ್ನೆ. ಎ4 ಅಳತೆಯಲ್ಲಿ ಅಚ್ಚುಕಟ್ಟಾಗಿ ಮುದ್ರಿಸಲು ಸುಮಾರು 8.7 ಮೆಗಾಪಿಕ್ಸೆಲ್ ಸಾಕು. ಹತ್ತು ವರ್ಷ ಹಳೆಯ ಡಿಎಸ್‌ಎಲ್‌ಆರ್‌ಗಳಲ್ಲೂ ಅದರ ಎರಡು ಪಟ್ಟು ಇದೆ. ಮಿರರ್‌ಲೆಸ್ ಕಡೆಗೆ ಮಾರುಕಟ್ಟೆ ಹೊರಳಿರುವುದರಿಂದ ಒಳ್ಳೆಯ ಹಳೆಯ ಡಿಎಸ್‌ಎಲ್‌ಆರ್‌ಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಕೈಗೆಟಕುವ ಬೆಲೆಗೆ ಸಿಗುತ್ತಿವೆ, ಕಲಿಯುವವರಿಗೆ ಅದೇ ಸರಿಯಾದ ಆರಂಭ ಎಂಬುದು ನನ್ನ ಖಚಿತ ಅಭಿಪ್ರಾಯ. ಲೆನ್ಸ್ ಬದಲಿಸುವ ಗೊಡವೆ ಬೇಡ, ಹಕ್ಕಿ ಮಾತ್ರ ಹತ್ತಿರ ಕಾಣಬೇಕು ಎನ್ನುವವರಿಗೆ ನಿಕಾನ್ ಪಿ950 ತರಹದ ಸೂಪರ್‌ಜೂಮ್‌ಗಳಿವೆ. ಅದರ 83 ಪಟ್ಟು ಜೂಮ್ 2,000 ಮಿ.ಮೀ. ಲೆನ್ಸಿಗೆ ಸಮಾನ. ಸೆನ್ಸರ್ ಪುಟ್ಟದು, ಆದ್ದರಿಂದ ಮಬ್ಬು ಬೆಳಕಿನಲ್ಲಿ ಅದು ಸೋಲುತ್ತದೆ. ಹಳೆಯ ಲೆನ್ಸ್ ಕೊಳ್ಳುವವರು ಅದರೊಳಗೆ ಟಾರ್ಚ್ ಬಿಟ್ಟು ಇನ್ನೊಂದು ತುದಿಯಿಂದ ನೋಡಬೇಕು. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು, ಎಷ್ಟೇ ಅಗ್ಗವಾದರೂ ಕೊಳ್ಳಬಾರದು.

ಬೂಷ್ಟು ಎಂದಾಗ ಮಲೆನಾಡು, ಕರಾವಳಿಯ ಓದುಗರಿಗೆ ಹೆಚ್ಚು ವಿವರಿಸಬೇಕಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕ್ಯಾಮೆರಾವನ್ನು ಚರ್ಮದ ಚೀಲದಲ್ಲಿಟ್ಟು ಬೀರುವಿಗೆ ಸೇರಿಸಿದರೆ ಅದನ್ನು ಶಿಲೀಂಧ್ರಕ್ಕೆ ಒಪ್ಪಿಸಿದಂತೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್, ತೇವಾಂಶ ತೋರಿಸುವ ಒಂದು ಚಿಕ್ಕ ಮೀಟರ್ ಇದ್ದರೆ ಸಾಕು. ಮುಳ್ಳು ಶೇಕಡ 40ರಿಂದ 50ರ ನಡುವೆ ಇರಲಿ. ಹರಳುಗಳ ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಇಡಬಹುದು. ಎಲ್ಲಕ್ಕಿಂತ ಒಳ್ಳೆಯ ಮದ್ದು ಮಳೆಗಾಲದಲ್ಲೂ ಕ್ಯಾಮೆರಾ ಬಳಸುವುದು. ಮೋಡದ ಬೆಳಕಿಗೆ ಗಡಸು ನೆರಳಿಲ್ಲ. ಕಪ್ಪೆ, ಅಣಬೆ, ಸೀತಾಳೆ ದಂಡೆ, ಗದ್ದೆಯ ನಾಟಿ, ಎಲ್ಲಕ್ಕೂ ಇದೇ ಸುಗ್ಗಿ. ಒದ್ದೆ ಎಲೆಗಳ ಹೊಳಪು ಹಸಿರನ್ನು ಮುಚ್ಚಿಬಿಡುತ್ತದೆ; ಲೆನ್ಸಿನ ಮುಂದೆ ಪೋಲರೈಸರ್ ಹಾಕಿ ತಿರುಗಿಸಿದರೆ ಆ ಹೊಳಪು ಇಳಿದು ಎಲೆಯ ನಿಜವಾದ ಬಣ್ಣ ಹೊರಬರುತ್ತದೆ. ಎ.ಸಿ. ಕಾರಿನಿಂದ ಇಳಿದ ಕೂಡಲೇ ಲೆನ್ಸ್ ಮಬ್ಬಾಗುವುದು ತಣ್ಣನೆಯ ಗಾಜಿನ ಮೇಲೆ ಹೊರಗಿನ ತೇವ ಕೂರುವುದರಿಂದ. ಅರ್ಧ ತಾಸು ಚೀಲದಲ್ಲೇ ಬಿಟ್ಟು ಹೊರಗಿನ ಬಿಸುಪಿಗೆ ಹೊಂದಿಕೊಳ್ಳಲು ಬಿಡಬೇಕು.

ಇಷ್ಟೆಲ್ಲ ಹೇಳಿದ ಮೇಲೆ, ನನಗೆ ತೀರಾ ಮುಖ್ಯವಾದ ಮಾತು ಗೂಡುಗಳದ್ದು. ಗೂಡಿನ ಮುಂದೆ ಕೂತರೆ ಹಕ್ಕಿ ಮತ್ತೆ ಮತ್ತೆ ಬಂದೇ ಬರುತ್ತದೆ, ಚಿತ್ರ ಸುಲಭ. ಅಡ್ಡ ಬಂದ ಕೊಂಬೆ ಸವರುವವರಿದ್ದಾರೆ. ಆಗ ಗೂಡಿಗೆ ಬಿಸಿಲು ಬೀಳುತ್ತದೆ, ಕಾಗೆ, ಕೆಂಬೂತಗಳ ಕಣ್ಣೂ ಬೀಳುತ್ತದೆ. ಮರಿಗಳು ಸಾಯುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಕಾಡು ಹಕ್ಕಿಗಳ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದನ್ನೂ ಬೇಟೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಕ್ಯಾಮೆರಾ ಹಿಡಿದವರಿಗೆ ಇದರಲ್ಲಿ ವಿನಾಯಿತಿ ಇಲ್ಲ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಹೊರಗೆಳೆಯುವುದೂ ತಪ್ಪೇ. ತನ್ನ ಜಾಗಕ್ಕೆ ಎದುರಾಳಿ ಬಂದಿದ್ದಾನೆಂದು ನಂಬಿ ಗಂಡುಹಕ್ಕಿ ಮೇವು ಬಿಟ್ಟು, ಮರಿ ಬಿಟ್ಟು ಇಲ್ಲದ ಎದುರಾಳಿಯನ್ನು ಹುಡುಕುತ್ತ ಅಲೆಯುತ್ತದೆ. ಗೂಡು ಕಟ್ಟುವ ಹಕ್ಕಿಗಳನ್ನು ನೋಡಲೇಬೇಕೆಂದರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಬಹುದು. ಊರ ನಡುವಿನ ಮರಗಳ ಮೇಲೆ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಜನರ ಓಡಾಟಕ್ಕೆ ಹೊಂದಿಕೊಂಡು ಮರಿ ಮಾಡುತ್ತವೆ. ಬೀದಿಯಲ್ಲಿ ನಿಂತು, ಮರ ಹತ್ತದೆ, ಸದ್ದು ಮಾಡದೆ ತೆಗೆಯಬಹುದಾದ ಚಿತ್ರಗಳು ಅಲ್ಲಿ ಧಾರಾಳ. ಅಲ್ಲಿನ ಜಗಲಿಯಲ್ಲಿ ಕೂತ ಅಜ್ಜಿಯ ಚಿತ್ರ ಬೇಕೆನಿಸಿದರೆ ಮೊದಲು ಹತ್ತಿರ ಹೋಗಿ "ಅಜ್ಜಿ, ಒಂದು ಫೋಟೊ ತೆಗೆದುಕೊಳ್ಳಲೇ" ಎಂದು ಕೇಳಬೇಕು. ಬೇಡವೆಂದರೆ ಬೇಡ.

ಮನೆಗೆ ಬಂದ ಮೇಲಿನ ಕೆಲಸವೂ ಹವ್ಯಾಸದ್ದೇ ಭಾಗ. ರಾ ಫೈಲಿನಲ್ಲಿ ತೆಗೆಯುವುದು ಒಳ್ಳೆಯದು. 14 ಬಿಟ್‌ನ ರಾ ಫೈಲು ಪ್ರತಿ ಚುಕ್ಕಿಯಲ್ಲಿ ಬೆಳಕಿನ 16,384 ಮಟ್ಟಗಳನ್ನು ಹಿಡಿದಿಡುತ್ತದೆ, ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ ಉಳಿಯುವುದು 256. ಬೆಳ್ಳಕ್ಕಿಯ ಗರಿಗಳ ನವಿರು ವ್ಯತ್ಯಾಸಗಳನ್ನು ಹೊರತೆಗೆಯಲು ಆ ಹೆಚ್ಚಿನ ಮಟ್ಟಗಳು ಬೇಕು. ಆಮೇಲೆ ಅಳಿಸಿ, ಕರುಣೆಯಿಲ್ಲದೆ ಅಳಿಸಿ. ಒಂದೇ ಮಿಂಚುಳ್ಳಿಯ ಇಪ್ಪತ್ತು ಚಿತ್ರ ಯಾರಿಗೂ ಬೇಡ. ಉಳಿದದ್ದನ್ನು ಎರಡು ಬೇರೆ ಹಾರ್ಡ್ ಡಿಸ್ಕ್‌ಗಳಲ್ಲಿ ಇಡಿ. ವರ್ಷಕ್ಕೊಂದೆರಡನ್ನಾದರೂ ಕಾಗದದ ಮೇಲೆ ಮುದ್ರಿಸಿ ಗೋಡೆಗೆ ಹಾಕಿ. ಮೊಬೈಲಿನ ಪರದೆಯಲ್ಲಿ ಬೆರಳಿನಿಂದ ಸರಿದುಹೋಗುವ ಚಿತ್ರಕ್ಕೂ, ಊಟದ ಮನೆಯ ಗೋಡೆಯಲ್ಲಿ ದಿನವೂ ಕಾಣುವ ಚಿತ್ರಕ್ಕೂ ಸಿಗುವ ಗಮನ ಒಂದೇ ಅಲ್ಲ.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಊರಿನ ಕೆರೆಯ ಹಕ್ಕಿಗಳ ಚಿತ್ರಗಳನ್ನು, ಅವು ಎಷ್ಟೇ ಸಾಮಾನ್ಯ ಹಕ್ಕಿಗಳಾಗಿರಲಿ, ಜಾಗ ಮತ್ತು ದಿನಾಂಕದೊಂದಿಗೆ ಇ-ಬರ್ಡ್ ತಾಣಕ್ಕೆ ಸೇರಿಸಿ. ಗೂಡಿನ ಜಾಗವನ್ನು ಮಾತ್ರ ಎಲ್ಲಿಯೂ ಬಹಿರಂಗ ಮಾಡಬೇಡಿ. ದಾಖಲೆ ಇರುವ ಕೆರೆಯನ್ನು ಒತ್ತುವರಿಯಿಂದ, ಕೊಳಚೆಯಿಂದ ಉಳಿಸಲು ಹೊರಟವರಿಗೆ ತೋರಿಸಲು ಏನಾದರೂ ಇರುತ್ತದೆ. ಹೆಬ್ಬಾತುಗಳು ಮಾರ್ಚ್ ಹೊತ್ತಿಗೆ ಹಿಂದಿರುಗಲು ತೊಡಗುತ್ತವೆ. ಈ ಚಳಿಗಾಲ ನಿಮ್ಮ ಕೆರೆಗೆ ಯಾರು ಬಂದಿದ್ದಾರೆಂದು ಅದಕ್ಕೆ ಮುಂಚೆ ಒಮ್ಮೆ ಹೋಗಿ ನೋಡಿ.